ಹಾಲಿನಲ್ಲಿ ಇಳಿಯುವ ವಿಷ

2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಂಡೆಯಲ್ಲಿ ಲುಲು ಎಂಬ ಹೆಣ್ಣು ಓರ್ಕಾ ತಿಮಿಂಗಿಲ ಸತ್ತು ಬಿದ್ದಿತ್ತು. ಮೀನುಗಾರಿಕೆಯ ಹಗ್ಗಕ್ಕೆ ಸಿಕ್ಕಿ ಸತ್ತದ್ದು. ಆದರೆ ಕೊಯ್ದು ನೋಡಿದಾಗ ಸಿಕ್ಕಿದ್ದೇ ಬೇರೆ: ಒಂದು ಕಿಲೋ ಕೊಬ್ಬಿನಲ್ಲಿ 957 ಮಿಲಿಗ್ರಾಂ ಪಿಸಿಬಿ! 9 ಮಿಲಿಗ್ರಾಂ ದಾಟಿದರೇ ಕಡಲಪ್ರಾಣಿಗೆ ಕೇಡು ಅಂತಾರೆ ವಿಜ್ಞಾನಿಗಳು. ವಯಸ್ಸು ಕನಿಷ್ಠ ಇಪ್ಪತ್ತಾಗಿದ್ದರೂ ಲುಲು ಒಮ್ಮೆಯೂ ಗಬ್ಬವಾದ ಗುರುತಿರಲಿಲ್ಲ.

ಪಿಸಿಬಿ ಅಂದರೆ ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳಿಗೆ ಹಾಕುತ್ತಿದ್ದ ಎಣ್ಣೆಯಂಥ ರಾಸಾಯನಿಕ. ಬ್ರಿಟನ್ನು 1981ರಲ್ಲೇ ನಿಷೇಧಿಸಿತು. ಆದರೇನು, ಇದು ಗೊಬ್ಬರದಂತೆ ಕೊಳೆಯಲ್ಲ. ಕೊಬ್ಬಿಗೆ ಅಂಟಿ ಕೂರುತ್ತೆ. ಸಣ್ಣ ಹುಳದಿಂದ ಮೀನಿಗೆ, ಮೀನಿನಿಂದ ಅದನ್ನು ತಿನ್ನುವ ದೊಡ್ಡ ಪ್ರಾಣಿಗೆ, ಚಕ್ರಬಡ್ಡಿಯ ಹಾಗೆ ಬೆಳೆಯುತ್ತೆ. ಈದ ತಾಯಿ ಹಾಲಿನ ಕೊಬ್ಬಿನ ಜೊತೆ ಅದನ್ನು ಮರಿಗೆ ಇಳಿಸುತ್ತೆ; ಚೊಚ್ಚಲ ಮರಿಗೇ ದೊಡ್ಡ ಪಾಲು. ಈಯದ ಲುಲುವಿನ ಮೈಯಲ್ಲಿ ಎಲ್ಲಾ ಅಲ್ಲೇ ಉಳಿಯಿತು.

2001ರ ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರಲ್ಲಿ ಒಪ್ಪಿತು. ಪಿಸಿಬಿ ಉಪಕರಣಗಳ ಬಳಕೆ ನಿಲ್ಲಿಸಲು ಅದು ಕೊಟ್ಟ ಗಡುವು 2025. ಆ ಎಣ್ಣೆಯನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಲು 2028.

ಪಂಪ್‌ಸೆಟ್ಟಿನ ರೈತರೇ, ಗುಜರಿ ವ್ಯಾಪಾರಿಗಳೇ, ಹಳೇ ಟ್ರಾನ್ಸ್‌ಫಾರ್ಮರಿನಲ್ಲಿ ಯಾವ ಎಣ್ಣೆಯಿದೆಯೋ ಕಣ್ಣಿಗೆ ತಿಳಿಯಲ್ಲ. ಪರೀಕ್ಷೆಯಿಲ್ಲದೆ ಬಿಚ್ಚಬೇಡಿ, ಹಳ್ಳಕ್ಕಂತೂ ಸುರಿಯಲೇಬೇಡಿ. ನಮ್ಮ ಹಗರಿಯ ನೀರು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕಡೆಗೆ ಸಮುದ್ರಕ್ಕೇ ತಾನೇ ಸೇರೋದು?