ತಾಯಿಯ ರಕ್ಷಣಾಶಕ್ತಿ ಮತ್ತು ಶಿಶುವಿನ ಪ್ಲೇಟ್‌ಲೆಟ್

ಡೆಂಗಿ ಜ್ವರದ ದೆಸೆಯಿಂದ ‘ಪ್ಲೇಟ್‌ಲೆಟ್’ ಎಂಬ ಪದ ಇಂದು ಹಳ್ಳಿಹಳ್ಳಿಗೂ ಪರಿಚಿತ. ರಕ್ತವನ್ನು ಹೆಪ್ಪುಗಟ್ಟಿಸಿ ಸ್ರಾವವನ್ನು ತಡೆಯುವ ಸೂಕ್ಷ್ಮ ಕಣಗಳಿವು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 1.5 ಲಕ್ಷಕ್ಕಿಂತ ಹೆಚ್ಚಿರಬೇಕು. ನವಜಾತ ಶಿಶುವಿಗೂ ಇದೇ ಪ್ರಮಾಣ. ತಾಯಿ ಆರೋಗ್ಯವಾಗಿದ್ದರೂ ಗರ್ಭದಲ್ಲಿನ ಶಿಶುವಿಗೆ ಈ ಕಣಗಳು ಕುಸಿಯುವ ವಿರಳ ಸಂದರ್ಭವೊಂದುಂಟು.

ಪ್ಲೇಟ್‌ಲೆಟ್‌ಗಳ ಮೇಲ್ಮೈಯಲ್ಲಿ ಕೆಲವು ಗುರುತುಗಳಿರುತ್ತವೆ. ತಂದೆಯಿಂದ ಬಂದ ಗುರುತು ತಾಯಿಯಲ್ಲಿ ಇಲ್ಲದಿದ್ದರೆ, ಆಕೆಯ ದೇಹ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಉತ್ಪಾದಿಸಬಹುದು. ಅವು ಮಾಸುವನ್ನು ದಾಟಿ ಶಿಶುವಿನ ಕಣಗಳನ್ನು ನಾಶಪಡಿಸುತ್ತವೆ. ಆರ್‌ಎಚ್ ನೆಗೆಟಿವ್ ತಾಯಂದಿರ ತೊಂದರೆಯನ್ನು ಇದು ಹೋಲುತ್ತದೆ. ಆದರೆ ಅಲ್ಲಿ ಚೊಚ್ಚಲ ಶಿಶು ಸಾಮಾನ್ಯವಾಗಿ ಪಾರಾಗುತ್ತದೆ, ತಡೆಯುವ ಚುಚ್ಚುಮದ್ದೂ ಇದೆ. ಇಲ್ಲಿ ಚೊಚ್ಚಲ ಶಿಶುವೇ ಬಾಧೆಗೊಳಗಾಗಬಹುದು. ತಾಯಿಯ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿಯೇ ಇರುವುದರಿಂದ ಗರ್ಭಿಣಿಯರ ವಾಡಿಕೆಯ ರಕ್ತಪರೀಕ್ಷೆಯಲ್ಲಿ ಇದು ತಿಳಿದುಬರದು.

ಹುಟ್ಟಿದ ಒಂದೆರಡು ದಿನಗಳಲ್ಲಿ ಶಿಶುವಿನ ಮೈಮೇಲೆ ಕೆಂಪು ಚುಕ್ಕೆಗಳೋ ನೀಲಿಗಟ್ಟಿದ ಕಲೆಗಳೋ ಕಂಡರೆ ದೃಷ್ಟಿ ತಾಗಿತೆಂದು ಕಾಯುತ್ತ ಕೂಡಬಾರದು. ಸೋಂಕೇ ಮೊದಲಾದ ಬೇರೆ ಕಾರಣಗಳೂ ಇರಬಹುದು. ಯಾವುದೇ ಇರಲಿ, ಅಂದೇ ರಕ್ತಪರೀಕ್ಷೆಯಾಗಬೇಕು. ಎಣಿಕೆ ತೀರ ಇಳಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ. ಸಕಾಲದಲ್ಲಿ ಪ್ಲೇಟ್‌ಲೆಟ್ ನೀಡಿದರೆ ಶಿಶುವನ್ನು ಉಳಿಸಿಕೊಳ್ಳಬಹುದು.

ನಮ್ಮ ಭಾಗದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ರೂಢಿ. ಮೂಡಲಗಿಯ ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದರೆ ಮೊದಲ ಹೆರಿಗೆಯ ಕಾಗದಪತ್ರಗಳು ಮೂಡಲಗಿಯಲ್ಲೇ ಉಳಿದುಬಿಡುತ್ತವೆ. ಎರಡನೆಯ ಬಸಿರಿನಲ್ಲಿ ಹುಕ್ಕೇರಿಯ ವೈದ್ಯರಿಗೆ ಹಿಂದಿನದು ತಿಳಿಯುವುದೇ ಇಲ್ಲ. ಈ ತೊಂದರೆಯಾದರೋ ಮುಂದಿನ ಬಸಿರಿನಲ್ಲಿ ಮರುಕಳಿಸುವ, ಇನ್ನಷ್ಟು ತೀವ್ರವಾಗುವ ಸಂಭವವುಳ್ಳದ್ದು. ಮೊದಲೇ ಗೊತ್ತಿದ್ದರೆ ತಜ್ಞರು ದಂಪತಿಗಳ ರಕ್ತವನ್ನು ಪರೀಕ್ಷಿಸಿ, ಗರ್ಭಿಣಿಗೆ ಇಮ್ಯುನೊಗ್ಲೋಬ್ಯುಲಿನ್ ನೀಡಿ, ಹೆರಿಗೆಯನ್ನು ಸುಸಜ್ಜಿತ ಆಸ್ಪತ್ರೆಯಲ್ಲಿ ಏರ್ಪಡಿಸಬಲ್ಲರು.

ಆದ್ದರಿಂದ ಭಕ್ತ ಕುಟುಂಬಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಶಿಶುವಿನ ಪ್ಲೇಟ್‌ಲೆಟ್ ಎಣಿಕೆಯ ವರದಿಯನ್ನು ತಾಯಿ ಕಾರ್ಡಿನೊಡನೆ ಜೋಪಾನವಾಗಿಡಿ. ಸೊಸೆ ಮತ್ತೆ ಗರ್ಭಿಣಿಯಾದಾಗ, ಗೋಕಾಕವಿರಲಿ, ಮೂಡಲಗಿಯಿರಲಿ, ಹುಕ್ಕೇರಿಯಿರಲಿ, ಮೊದಲ ತಪಾಸಣೆಯಲ್ಲಿಯೇ ಅದನ್ನು ವೈದ್ಯರಿಗೆ ತೋರಿಸಿ. ಕೂಸು ಉಳಿಯದ ಮನೆಗಳಲ್ಲಿ ಸೊಸೆಯ ಕಾಲ್ಗುಣವನ್ನು ಹಳಿಯುವ ಮಾತು ಇನ್ನೂ ಕೇಳಿಬರುತ್ತದೆ. ಇದು ಆಕೆ ಉಂಡದ್ದರಿಂದಾಗಲಿ, ನಡೆದುಕೊಂಡದ್ದರಿಂದಾಗಲಿ ಬಂದುದಲ್ಲ. ನೊಂದ ತಾಯಿಗೆ ಬೇಕಾದುದು ಆರೈಕೆಯೇ ಹೊರತು ನಿಂದೆಯಲ್ಲ.