ಪರಿಚಯ ಮತ್ತು ವಶೀಲಿ: ವೃತ್ತಿಜೀವನದಲ್ಲಿ ದೂರದ ಸಂಬಂಧಗಳ ಸ್ಥಾನ

ಪದವೀಧರನೊಬ್ಬನಿಗೆ ಕೆಲಸ ದೊರೆಯಿತೆಂದು ಕೇಳಿದೊಡನೆ ‘ಯಾರ ವಶೀಲಿ?’ ಎಂದು ಪ್ರಶ್ನಿಸುವುದು ನಮ್ಮಲ್ಲಿ ರೂಢಿಯಾಗಿದೆ. ಈ ಪ್ರಶ್ನೆಯಲ್ಲಿ ಎರಡು ಭಿನ್ನ ಸಂಗತಿಗಳು ಬೆರೆತುಹೋಗಿವೆ. ಅರ್ಹತೆಯನ್ನು ಬದಿಗೊತ್ತಿ ತನ್ನವನಿಗೆ ಸ್ಥಾನ ಕೊಡಿಸುವುದು ವಶೀಲಿ. ಸ್ಥಾನವೊಂದು ತೆರವಾಗಿದೆ, ಬೇಕಾದ ಗ್ರಂಥ ಇಂಥಲ್ಲಿದೆ, ಈ ವಿಷಯವನ್ನು ಇಂಥವರು ಬಲ್ಲರು ಎಂಬ ತಿಳಿವಳಿಕೆ ಅರ್ಹನಿಗೆ ಮುಟ್ಟುವ ದಾರಿಯೇ ಪರಿಚಯ. ಮೊದಲನೆಯದು ನಿಂದ್ಯ, ಎರಡನೆಯದು ವ್ಯಾಸಂಗಕ್ಕೂ ವೃತ್ತಿಗೂ ಅವಶ್ಯಕ. ಅದನ್ನು ಕಲಿಯಬಹುದು, ಕಲಿಸಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಪ್ರಮುಖರು. ಬಾಸ್ಟನ್ ನಗರದ ಸಮೀಪದಲ್ಲಿರುವ ನ್ಯೂಟನ್ ಎಂಬ ಊರಿನಲ್ಲಿ, ಆಗತಾನೆ ಉದ್ಯೋಗ ಬದಲಾಯಿಸಿದ್ದವರನ್ನು ವಿಚಾರಿಸಿ, ಅದರ ಫಲವನ್ನು ಅವರು ೧೯೭೩ರಲ್ಲಿ ಪ್ರಕಟಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ, ಆ ಪರಿಚಿತರನ್ನು ವಾರಕ್ಕೆ ಎರಡು ಬಾರಿಯಾದರೂ ಕಾಣುತ್ತಿದ್ದವರು ಶೇಕಡ ೧೬.೭ ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇಕಡ ೫೫.೬, ವರ್ಷಕ್ಕೊಮ್ಮೆಯೋ ಅದಕ್ಕೂ ವಿರಳವಾಗಿಯೋ ಕಾಣುತ್ತಿದ್ದವರು ಶೇಕಡ ೨೭.೮. ಈ ಲೆಕ್ಕಕ್ಕೆ ಒಳಪಟ್ಟವರು ೫೪ ಮಂದಿಯಷ್ಟೇ ಎಂಬುದನ್ನು ಮರೆಯಲಾಗದು. ಆದರೂ ಗ್ರಾನೊವೆಟರ್ ಅವರು ಕೊಟ್ಟ ಕಾರಣ ವಿಚಾರಾರ್ಹವಾಗಿದೆ. ಆಪ್ತಮಿತ್ರರು ಪರಸ್ಪರ ಬಲ್ಲವರಾದುದರಿಂದ ಒಬ್ಬನು ಅರಿತದ್ದನ್ನೇ ಎಲ್ಲರೂ ಅರಿತಿರುತ್ತಾರೆ. ಹೊಸ ಸುದ್ದಿಯನ್ನು ತರಬಲ್ಲವನು ಬೇರೊಂದು ಬಳಗದಲ್ಲಿ ಓಡಾಡುವ ದೂರದ ಪರಿಚಿತ.

ಹಾಗೆಂದು ದೂರ ಹೆಚ್ಚಿದಷ್ಟೂ ಪ್ರಯೋಜನ ಹೆಚ್ಚೆಂದು ಭಾವಿಸಲಾಗದು. ಲಿಂಕ್ಡ್‌ಇನ್ ಎಂಬ ಜಾಲತಾಣದ ಸುಮಾರು ೨ ಕೋಟಿ ಸದಸ್ಯರನ್ನು ಕುರಿತ ಅಧ್ಯಯನವೊಂದು ೨೦೨೨ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅತಿ ಆಪ್ತವೂ ಅಲ್ಲದ, ಅತಿ ದೂರವೂ ಅಲ್ಲದ ಸಂಬಂಧಗಳೇ ಉದ್ಯೋಗಕ್ಕೆ ಹೆಚ್ಚು ಸಹಾಯಕವೆಂದು ಅದು ತೋರಿಸಿತು. ಮುಖಪರಿಚಯವೂ ಇಲ್ಲದ ಸಾವಿರ ಹೆಸರುಗಳನ್ನು ಕೂಡಿಹಾಕಿದ ಮಾತ್ರಕ್ಕೆ ಪರಿಚಯವಾಗದು.

ನಮ್ಮ ಸಮಾಜದಲ್ಲಿ ಈ ತತ್ತ್ವಕ್ಕೆ ಇನ್ನೊಂದು ಮುಖವಿದೆ. ಅಧಿಕಾರಿಯ ಮಗನಿಗೆ ನಾನಾ ವೃತ್ತಿಯವರ ಪರಿಚಯ ಮನೆಯ ಪಡಸಾಲೆಯಲ್ಲಿಯೇ ಒದಗುತ್ತದೆ. ಮನೆತನದಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗಾದರೋ ನಂಟರು, ಜಾತಿಯವರು, ವಿದ್ಯಾರ್ಥಿನಿಲಯದ ಗೆಳೆಯರು ಇವರೇ ಬಳಗ. ಅವನಿಗೆ ತಿಳಿಯದುದು ಅವರಿಗೂ ತಿಳಿಯದು. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ಸುದ್ದಿಯ ಕೊರತೆಯಿಂದ ಅವನು ಹಿಂದುಳಿಯುತ್ತಾನೆ.

ಇಂಥವರಿಗೆ ಪರಿಚಯವು ಹೇಗೆ ನೆರವಾಗಬಲ್ಲದೆಂಬುದಕ್ಕೆ ಶ್ರೀನಿವಾಸ ರಾಮಾನುಜನ್ ಅವರ ಜೀವನ ಉತ್ತಮ ನಿದರ್ಶನ. ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ಪದವಿಯಿಲ್ಲದೆ, ಅವರು ೧೯೧೦ರಲ್ಲಿ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು ಗುಮಾಸ್ತೆಯ ಕೆಲಸ ಬೇಡಿದರು. ಭಾರತೀಯ ಗಣಿತ ಸಂಘದ ಸ್ಥಾಪಕರಾಗಿದ್ದ ಅಯ್ಯರ್ ಅವರು ಟಿಪ್ಪಣಿ ಪುಸ್ತಕಗಳನ್ನು ನೋಡಿ, ಕಂದಾಯ ಇಲಾಖೆಯ ಕೆಳದರ್ಜೆಯ ಕೆಲಸದಲ್ಲಿ ಈ ಪ್ರತಿಭೆ ಅಡಗಿಹೋಗಬಾರದೆಂದು ಕೆಲಸವನ್ನು ಕೊಡಲಿಲ್ಲ. ಮದರಾಸಿನ ಗಣಿತಜ್ಞರಿಗೆ ಪರಿಚಯಪತ್ರಗಳನ್ನು ಕೊಟ್ಟರು. ಅವರಿಂದ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರರಾಯರ ಪರಿಚಯವಾಯಿತು. ಮುಂದೆ ಮದರಾಸಿನ ಬಂದರು ಕಚೇರಿಯ ಗುಮಾಸ್ತರಾಗಿ, ರಾಮಾನುಜನ್ ಅವರು ೧೯೧೩ರ ಜನವರಿ ೧೬ರಂದು ಕೇಂಬ್ರಿಜ್‌ನ ಹಾರ್ಡಿ ಅವರಿಗೆ ಪತ್ರ ಬರೆದರು. ತಮ್ಮ ಸ್ಥಿತಿಯನ್ನು ಕೆಲವೇ ಮಾತುಗಳಲ್ಲಿ ತಿಳಿಸಿ, ಪ್ರಮೇಯಗಳನ್ನು ಮುಂದಿಟ್ಟು, ಸಲಹೆ ಕೋರಿದರು. ೧೯೧೪ರಲ್ಲಿ ಅವರು ಕೇಂಬ್ರಿಜ್ ಸೇರಿದರು. ಪರಿಚಯವು ಬಾಗಿಲನ್ನು ತೋರಿಸಿತು; ಒಳಗೆ ಕರೆದೊಯ್ದದ್ದು ಅವರ ಕೆಲಸವೇ.

ಇದರಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶಗಳು ಕೆಲವಿವೆ. ಅಪರಿಚಿತ ವಿದ್ವಾಂಸರಿಗೆ ಬರೆಯುವಾಗ ತಾನು ಯಾರು, ಏನು ಮಾಡಿರುವೆನು, ಏನು ತಿಳಿಯಬಯಸುವೆನು ಎಂಬ ಮೂರನ್ನು ಒಂದು ಪುಟದೊಳಗೆ ಹೇಳಬೇಕು. ಕೇಳಬೇಕಾದುದು ತಿಳಿವಳಿಕೆಯನ್ನು, ಹುದ್ದೆಯನ್ನಲ್ಲ. ಸಲಹೆ ದೊರೆತ ಮೇಲೆ ಅದರಿಂದ ಏನಾಯಿತೆಂಬುದನ್ನು ತಪ್ಪದೆ ತಿಳಿಸಬೇಕು. ವಿಚಾರಸಂಕಿರಣಕ್ಕೆ ಹೋದಾಗ ತನ್ನ ಕಾಲೇಜಿನವರೊಡನೆಯೇ ಕುಳಿತು ಹಿಂದಿರುಗದೆ, ಪ್ರಬಂಧ ಓದಿದವರನ್ನು ಕಂಡು ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ತನಗೆ ಉಪಯೋಗವಿಲ್ಲದ ಸುದ್ದಿಯನ್ನು ಬೇಕಾದವರಿಗೆ ಮುಟ್ಟಿಸುವ ಅಭ್ಯಾಸವೂ ಇರಬೇಕು. ಪರಿಚಯವು ಪರಸ್ಪರ ಋಣ.

ಅಧ್ಯಾಪಕರ ಹೊಣೆ ಇನ್ನೂ ದೊಡ್ಡದು. ಸಮರ್ಥ ವಿದ್ಯಾರ್ಥಿಯ ಬರವಣಿಗೆಯನ್ನು ಸ್ವತಃ ಓದಿ, ತಮ್ಮ ಸಹಪಾಠಿಗೋ ಬೇರೆ ಊರಿನ ಸಂಶೋಧಕರಿಗೋ ನಾಲ್ಕು ಸಾಲು ಬರೆದುಕೊಟ್ಟರೆ ಅದು ವಶೀಲಿಯಾಗುವುದಿಲ್ಲ. ಹುಟ್ಟಿನಿಂದ ಕೆಲವರಿಗೆ ಮಾತ್ರ ದೊರೆಯುವ ಸೌಕರ್ಯವನ್ನು ವಿದ್ಯೆಯ ಮೂಲಕ ಎಲ್ಲರಿಗೂ ಹಂಚುವ ಕಾರ್ಯವೆಂದೇ ಅದನ್ನು ನಾವು ಭಾವಿಸುತ್ತೇವೆ.