ಹಳೆಯ ಗ್ರಾಫಿಕ್ಸ್ ಕಾರ್ಡು: ಹಲ್ಲು ನೋಡಿ ಕೊಳ್ಳಿ

‘ಅಪ್ಪಾ, ಹೊಸಾದು ಭಾಳ ತುಟ್ಟಿ. ಹಳೇ ಕಾರ್ಡ್ ಅರ್ಧ ರೊಕ್ಕಕ್ಕ ಸಿಗತೈತಿ.’

‘ಎತ್ತ ಕೊಳ್ಳಾಕ ಹೋದ್ರ ಹಲ್ಲ ನೋಡತೀವಿ, ಹೂಡಿ ನೋಡತೀವಿ. ಇದಕ್ಕ ಏನ್ ನೋಡೂದೋ ತಮ್ಮಾ?’

ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಸಮೀರವಾಡಿಯಲ್ಲಿ, ಕಬ್ಬಿನ ಬಿಲ್ಲನ್ನೋ ಕಾರ್ಖಾನೆಯ ಪಗಾರವನ್ನೋ ನಂಬಿದ ಮನೆಯ ಹುಡುಗ ಇಂಜಿನಿಯರಿಂಗ್ ಸೇರಿದಾಗ ನಡೆಯಬಹುದಾದ ಮಾತುಕತೆ ಇದು. ಅಪ್ಪನ ಪ್ರಶ್ನೆ ಸರಿಯಾಗಿಯೇ ಇದೆ. ಹಳೆಯ ಕಾರ್ಡಿಗೂ ಹಲ್ಲುಂಟು. ನೋಡುವ ಬಗೆ ತಿಳಿದಿರಬೇಕು ಅಷ್ಟೆ.

ಮೊದಲು, ಅದು ನಿಜವಾಗಿ ಬೇಕೇ? ಪ್ರೋಗ್ರಾಮಿಂಗ್ ಕಲಿಯಲು, ಪ್ರಾಜೆಕ್ಟ್ ವರದಿ ಬರೆಯಲು ಕಂಪ್ಯೂಟರಿನಲ್ಲೇ ಇರುವ ಗ್ರಾಫಿಕ್ಸ್ ಸಾಕು. ಮೂರು ಆಯಾಮದ ವಿನ್ಯಾಸ, ವಿಡಿಯೊ ಸಂಕಲನ, ಕೃತಕ ಬುದ್ಧಿಮತ್ತೆಯ ಅಭ್ಯಾಸ, ದೊಡ್ಡ ಆಟಗಳು, ಇವಕ್ಕೆ ಮಾತ್ರ ಬೇರೆ ಕಾರ್ಡು ಬೇಕಾಗುತ್ತದೆ.

ಎರಡನೆಯದು ವಿದ್ಯುತ್ತಿನ ಲೆಕ್ಕ. ಜಿಟಿಎಕ್ಸ್ 1050 ಟಿಐ 75 ವಾಟ್‌ನಲ್ಲಿ ನಡೆಯುತ್ತದೆ. ಆರ್‌ಟಿಎಕ್ಸ್ 3060ಕ್ಕೆ 170 ವಾಟ್ ಬೇಕು. ತಯಾರಕರು 550 ವಾಟ್‌ನ ಪವರ್ ಸಪ್ಲೈ ಇರಲಿ ಎನ್ನುತ್ತಾರೆ. ಕಾರ್ಡು ಅಗ್ಗವೆಂದು ತಂದು, ಆಮೇಲೆ ಪವರ್ ಸಪ್ಲೈ ಬದಲಿಸಿದರೆ ಉಳಿತಾಯ ಅಲ್ಲೇ ಕರಗುತ್ತದೆ. ಕ್ಯಾಬಿನೆಟ್ಟಿನಲ್ಲಿ ಕಾರ್ಡು ಹಿಡಿಸುತ್ತದೆಯೇ ಎಂದು ಟೇಪು ಹಿಡಿದು ಅಳೆಯುವುದೂ ಒಳ್ಳೆಯದು.

<b>ಗಣಿಯಲ್ಲಿ ದುಡಿದ ಕಾರ್ಡು</b>

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ ಬದಲಾಗಿ, ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ‘ಗಣಿ’ ಮಾಡುವ ಕೆಲಸ ನಿಂತುಹೋಯಿತು. ಹಗಲಿರುಳು ದುಡಿದಿದ್ದ ಕಾರ್ಡುಗಳು ಜಗತ್ತಿನ ಹಳೇ ಸಾಮಾನಿನ ಪೇಟೆಗೆ ಬಂದವು. ಅಂಥ ಕಾರ್ಡೆಲ್ಲ ಕೆಟ್ಟದ್ದೇನೂ ಅಲ್ಲ. ಆದರೆ ಅದರ ಫ್ಯಾನು, ಮೆಮೊರಿ ಹೆಚ್ಚು ಸವೆದಿರುವ ಸಂಭವವಿದೆ. ಏನು ಕೆಲಸಕ್ಕೆ ಬಳಸಿದ್ದರು, ಬಿಲ್ ಇದೆಯೇ, ವಾರಂಟಿ ಉಳಿದಿದೆಯೇ ಎಂದು ನೇರವಾಗಿ ಕೇಳಬೇಕು. ಡಬ್ಬಿಯ ಮೇಲಿನ ಸೀರಿಯಲ್ ನಂಬರಿಗೂ ಕಾರ್ಡಿನ ಮೇಲಿನದಕ್ಕೂ ತಾಳೆಯಾಗಬೇಕು.

<b>ಹೆಸರು ಒಂದು, ಒಳಗೆ ಇನ್ನೊಂದು</b>

ತುಂಬ ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿ ಮಾರುವ ಮೋಸವೂ ಉಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಒಳಗಿರುವ ನಿಜವಾದ ಚಿಪ್ಪನ್ನು ತೋರಿಸುತ್ತದೆ. 2018ರಿಂದ ಅನೇಕ ನಕಲಿ ಕಾರ್ಡುಗಳನ್ನು ಗುರುತಿಸಿಯೂ ಹೇಳುತ್ತದೆ. ಅಸಲಿ ಕಾರ್ಡಿನಲ್ಲೂ ಎಚ್ಚರ ಬೇಕು. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಮೆಮೊರಿಯ ಕಾರ್ಡುಗಳಿವೆ. ಡಿಡಿಆರ್4ರದ್ದು ಜಿಡಿಡಿಆರ್5ರದ್ದಕ್ಕಿಂತ ಬಹಳ ನಿಧಾನ.

<b>ಹೂಡಿ ನೋಡುವುದು</b>

ಕೈಗೆ ತೆಗೆದುಕೊಂಡಾಗ ಸುಟ್ಟ ಕಲೆ, ತುಕ್ಕು, ಸವೆದ ಸ್ಕ್ರೂ, ಅಲುಗಾಡುವ ಫ್ಯಾನು ಇವೆಯೇ ನೋಡಬೇಕು. ಬಳಿಕ ಕಂಪ್ಯೂಟರಿಗೆ ಹಾಕಿಸಿ, ಭಾರವಾದ ಆಟವನ್ನೋ ಫರ್‌ಮಾರ್ಕ್‌ನಂಥ ಪರೀಕ್ಷೆಯನ್ನೋ ಹದಿನೈದು ಇಪ್ಪತ್ತು ನಿಮಿಷ ಓಡಿಸಬೇಕು. ಬರೀ ಪರದೆ ಬೆಳಗಿದರೆ ಸಾಲದು. ಕಾಯಿಲೆ ಕಾಣುವುದು ಕಾರ್ಡು ಕಾದ ಮೇಲೆ. ಬಣ್ಣದ ಚುಕ್ಕೆಗಳು, ಗೀರುಗಳು ಮೂಡಿದರೆ, ಪರದೆ ಕಪ್ಪಾದರೆ, ಕಂಪ್ಯೂಟರು ತಾನೇ ಆರಿದರೆ ವ್ಯಾಪಾರ ಬೇಡ. ಹಿಂಬದಿಯ ಪ್ರತಿ ಕಿಂಡಿಗೂ ಮಾನಿಟರಿನ ಕೇಬಲ್ ಹಚ್ಚಿ ನೋಡಬೇಕು.

ಉಷ್ಣತೆ 85 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ಸಂಶಯಪಡಬೇಕು. ಪರೀಕ್ಷೆ ನಡೆದ ಕಾಲವನ್ನೂ ಗಮನಿಸಬೇಕು. ಕೋಣೆ ಬಿಸಿಯಾದಷ್ಟೂ ಕಾರ್ಡೂ ಬಿಸಿಯಾಗುತ್ತದೆ. ಚಳಿಗಾಲದ ಮುಂಜಾನೆ 75 ಡಿಗ್ರಿಯಲ್ಲಿ ನಿಂತದ್ದು, ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಮಧ್ಯಾಹ್ನ ಅಷ್ಟಕ್ಕೇ ನಿಲ್ಲುವುದಿಲ್ಲ.

<b>ಹಣ ಕೊಡುವ ಮುನ್ನ</b>

ಮಹಾಲಿಂಗಪುರ, ಜಮಖಂಡಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಬೆಳಗಾವಿಗೆ ಹೋಗಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಗೆ ರಾತ್ರಿ ಬಸ್ಸಿನ ದಾರಿ. ಆದ್ದರಿಂದಲೇ ಫೋಟೊ ನೋಡಿ ಮುಂಗಡ ಕಳಿಸುವ ಆಸೆ ಹುಟ್ಟುತ್ತದೆ. ಕಾಣದ ಮಾರಾಟಗಾರನಿಗೆ ಮುಂಗಡ ಕೊಡದಿರುವುದೇ ಕ್ಷೇಮ. ಬರಲೇಬೇಕಾದ ಹೊಸ ಖರ್ಚುಗಳನ್ನೂ ಬೆಲೆಗೆ ಕೂಡಿಸಿ, ಅದೇ ಶಕ್ತಿಯ ಹೊಸ ಕಾರ್ಡಿನ ಬೆಲೆಯೊಡನೆ ಹೋಲಿಸಬೇಕು. ಅಂತರ ಸಣ್ಣದಾದರೆ ವಾರಂಟಿ ಇರುವ ಹೊಸದೇ ಮೇಲು.

‘ಹಚ್ಚಿ ತೋರಸ್ರಿ’ ಎಂದಾಗ ಮಾರುವವ ನೆಪ ಹೇಳಿದರೆ ಅಪ್ಪ ಮಗ ಬರಿಗೈಲಿ ಮರಳುವುದರಲ್ಲಿ ನಾಚಿಕೆಯೇನಿಲ್ಲ. ಬಸ್ಸಿನ ಖರ್ಚು ಹೋದೀತು. ಕಬ್ಬಿನ ರೊಕ್ಕ ಕಿಸೆಯಲ್ಲೇ ಇರುತ್ತದೆ.